ಗರಿಯ ತೋರಣ

ನಡುಗಡ್ಡೆಯಲ್ಲಿ ಬಂದರು ಕಟ್ಟುವುದಕ್ಕೆ ಅಲ್ಲಿನ ಮೂಲನಿವಾಸಿಗಳ ಒಪ್ಪಿಗೆಯೊಂದೇ ಬಾಕಿ ಇತ್ತು. ಎಂಟು ದಿನದ ಹಿಂದೆ ಸರ್ವೆ ಅಧಿಕಾರಿ ಹಾಲಪ್ಪ ಆ ಜನರ ಹಾಡಿಗೆ ಹೋಗಿ, ಬಂದರು, ವಿಮಾನ ನಿಲ್ದಾಣ, ಹೋಟೆಲುಗಳೆಲ್ಲ ತುಂಬಿದ ಬಣ್ಣದ ನಕ್ಷೆಯನ್ನು ಮರಳ ಮೇಲೆ ಹಾಸಿದ್ದ. ಮುದುಕನೊಬ್ಬ ಅದರ ಮೇಲೆ ಮೂರು ಸಲ ಬೆರಳಾಡಿಸಿ ಎದ್ದು ಹೋಗಿದ್ದ. "ಯೋಚನೆ ಮಾಡಿ ಹೇಳಲಿ ಬಿಡಿ" ಎಂದು ಹಾಲಪ್ಪ ನಕ್ಷೆ ಸುತ್ತಿಕೊಂಡು ಬಂದಿದ್ದ.

ಇವತ್ತು ದೋಣಿ ದಡ ಮುಟ್ಟುತ್ತಲೇ ಅವನ ಮುಖ ಅರಳಿತು. ಒಂದೊಂದು ಗುಡಿಸಲಿನ ಬಾಗಿಲಿಗೂ ಸಣ್ಣಗೆ ಸೀಳಿದ ತೆಂಗಿನ ಎಳೆ ಗರಿ ತೂಗುತ್ತಿತ್ತು.

"ನೋಡಮ್ಮಾ, ಒಪ್ಪಿಬಿಟ್ಟಿದ್ದಾರೆ! ನಮ್ಮ ಕಡೆ ಮದುವೆ ಮನೆಗೆ ಹೀಗೇ ತೋರಣ ಕಟ್ಟೋದು" ಎಂದು, ಹಿಂದಿನ ಸಲವೂ ಜೊತೆಗೆ ಬಂದಿದ್ದ ದುಭಾಷಿಯತ್ತ ತಿರುಗಿದ. ಅದೇ ಹಾಡಿಯಲ್ಲಿ ಹುಟ್ಟಿ ಪಟ್ಟಣ ಸೇರಿದ ಹೆಂಗಸು ಅವಳು. ದೋಣಿಯಿಂದ ಇಳಿಯಲೇ ಇಲ್ಲ.

ಹಾಲಪ್ಪ ಒಬ್ಬನೇ ಗುಡಿಸಲು ಗುಡಿಸಲು ಹೊಕ್ಕು ಕೂಗಿದ. ಒಲೆಯ ಬೂದಿ ತಣ್ಣಗಿತ್ತು. ಒಂದು ನಾಯಿಯೂ ಬೊಗಳಲಿಲ್ಲ. ಗಾಳಿಗೆ ಗರಿಗಳಷ್ಟೇ ಸರಸರ ಎನ್ನುತ್ತಿದ್ದವು. ಓಡುನಡಿಗೆಯಲ್ಲಿ ದೋಣಿಯ ಬಳಿಗೆ ಹಿಂದಿರುಗಿದ.

"ಜನ ಎಲ್ಲಿ ಹೋದ್ರಮ್ಮಾ?"

"ಕಾಡಿನೊಳಗೆ ಹೋಗಿದ್ದಾರೆ ಸಾರ್. ಅದು ತೋರಣ ಅಲ್ಲ. ಸಾವಾದ ಮನೆಗೆ ನಮ್ಮವರು ಗರಿ ಕಟ್ಟಿ ಬಿಟ್ಟು ಹೋಗ್ತಾರೆ. ಆಮೇಲೆ ಅಲ್ಲಿ ಯಾರೂ ಕಾಲಿಡಬಾರದು."

ಹಾಲಪ್ಪ ತಾನು ಹೊಕ್ಕು ಬಂದ ಬಾಗಿಲುಗಳತ್ತ ನೋಡಿದ. "ಎಲ್ಲ ಮನೆಗೂ ಕಟ್ಟಿದ್ದಾರಲ್ಲ! ಸತ್ತವರು ಯಾರು?"

"ಯಾರೂ ಸತ್ತಿಲ್ಲ. ಅವತ್ತು ನಿಮ್ಮ ನಕ್ಷೆಯಲ್ಲಿ ನಮ್ಮಜ್ಜ ಮೂರು ಸಲ ಈ ಹಾಡಿಯನ್ನ ಹುಡುಕಿದ. ಸಿಗಲಿಲ್ಲ."