ಉಣ್ಣೆಯ ಎಳೆ

ಪ್ರೋಟೀನುಗಳನ್ನು ತೂಗಿ ಗುರುತು ಹಿಡಿಯುವ ಯಂತ್ರ ತನ್ನ ಪರದೆಯ ಮೇಲೆ ಕುರಿಯ ಉಣ್ಣೆಯನ್ನು ತೋರಿಸಿದಾಗ ಸಂಶೋಧಕಿಯ ಕೈ ತಾನಾಗಿ ಕೋಟಿನ ತುದಿಯಿಂದ ಇಣುಕುತ್ತಿದ್ದ ಸ್ವೆಟರಿನ ತೋಳಿಗೆ ಹೋಯಿತು. ಯಂತ್ರಕ್ಕೆ ಕೊಟ್ಟಿದ್ದು ಮರೆವಿನ ಕಾಯಿಲೆಯಿಂದ ತೀರಿಕೊಂಡ ಅಜ್ಜಿಯೊಬ್ಬರ ಮಿದುಳಿನ ಕೊನೆಯ ಚೂರು. ಯಾವ ಪ್ರೋಟೀನು ಯಾವುದಕ್ಕೆ ಅಂಟಿಕೊಂಡು ಆಕೆಯ ನೆನಪನ್ನು ತಿಂದುಹಾಕಿತೆಂದು ಅದರಿಂದ ತಿಳಿಯಬೇಕಿತ್ತು. ತೋಳಿನಿಂದ ಉದುರಿದ ಎಳೆ ಅದರಲ್ಲಿ ಬೆರೆತು ಎಲ್ಲವನ್ನೂ ಮಣ್ಣುಪಾಲು ಮಾಡಿತ್ತು. ಉಣ್ಣೆ ತೊಟ್ಟು ಪ್ರಯೋಗಾಲಯದೊಳಗೆ ಕಾಲಿಡಬೇಡಿ ಎಂದು ಎಲ್ಲರ ಮೇಲೂ ರೇಗುತ್ತಿದ್ದವಳು ಅವಳೇ. ಆದರೆ ಇವತ್ತು ಚಳಿಯೆಂದು ಕೋಟಿನೊಳಗೆ ಸ್ವೆಟರ್ ಹಾಕಿಕೊಂಡೇ ಆ ಚೂರನ್ನು ಅರೆದಿದ್ದಳು.

ಕೋಟು ತೆಗೆದಿಟ್ಟು, ಸ್ವೆಟರನ್ನೂ ಕಳಚಿ ಎಸೆಯಬೇಕೆನಿಸಿ ಅದರ ಮೇಲಿನ ಗುಂಡಿ ಬಿಚ್ಚುವಷ್ಟರಲ್ಲಿ ಬಾಗಿಲಲ್ಲಿ ಆ ಅಜ್ಜಿಯ ಗಂಡ ನಿಂತಿದ್ದರು.

"ನಮ್ಮವಳ ತಲೇಲಿ ಏನಾದ್ರೂ ಸಿಕ್ತೇನಮ್ಮಾ?" ಎಂದವರ ಮುಖ ಒಮ್ಮೆಲೇ ಅರಳಿತು. "ಅರೆ, ಅವಳು ಹೆಣೆದ ಸ್ವೆಟರ್ ಹಾಕ್ಕೊಂಡಿದ್ದೀಯ! ಕೊನೆಗೆ ನನ್ನ ಹೆಸರೇ ಮರೆತ್ಲು, ಹೆಣಿಗೆ ಮಾತ್ರ ಮರೀಲಿಲ್ಲ ನೋಡು. ನಿಂಗೆ ಕೊಟ್ಟಿದ್ದೇ ಒಳ್ಳೇದಾಯ್ತು. ಬೀರುವಿನಲ್ಲಿ ಇಟ್ಟಿದ್ರೆ ಹುಳ ತಿಂದು ಹಾಕ್ತಿತ್ತು."

ನಿಜ ಹೇಳಲು ಅವಳು ಬಾಯಿ ತೆರೆದಳು.

"ತುಂಬಾ ಬೆಚ್ಚಗಿದೆ ತಾತ," ಎಂದು, ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡಳು.