ಗೆರೆ ಸಾಹೇಬರ ಕಾಲುದಾರಿ

ಸಮಸ್ತ ನಾಗರಿಕರ ಗಮನಕ್ಕೆ: ಜನ ಎಷ್ಟೋ ವರ್ಷಗಳಿಂದ ನಡೆದಾಡುತ್ತಿದ್ದ ಜಾಗದಲ್ಲಿ ಇನ್ನು ಮುಂದೆಯೂ ನಡೆದಾಡಬಹುದೆಂದು ಸೋಮವಾರ ಬೆಳಿಗ್ಗೆ ಗಣ್ಯರ ಸಮ್ಮುಖದಲ್ಲಿ ಘೋಷಿಸಲಾಯಿತು. ರಿಬ್ಬನ್ ಕತ್ತರಿಸಿದ್ದಾಯಿತು, ಚಪ್ಪಾಳೆಯೂ ಬಿತ್ತು. ಬಸ್ ನಿಲ್ದಾಣದ ಹಿಂದಿದ್ದ ಖಾಲಿ ಬಯಲು ಈಗ ಕಾರು ನಿಲ್ಲಿಸುವ ಜಾಗ. ಅದರ ನಟ್ಟನಡುವೆ ಹಾದು ಹಿಂದಿನ ಓಣಿ ಸೇರುವ ಒಂದು ಕಾಲುದಾರಿ. ನಕ್ಷೆ ಬರೆದವರು ಕಚೇರಿಯಲ್ಲಿ ‘ಗೆರೆ ಸಾಹೇಬರು’ ಎಂದೇ ಹೆಸರಾದ ಎಂಜಿನಿಯರು. ಅವರು ಎಳೆದ ಗೆರೆಯಷ್ಟು ನೆಟ್ಟಗೆ ಅವರ ಬೆನ್ನೂ ಇಲ್ಲ ಎಂದು ಜೊತೆಯವರು ಬೆನ್ನ ಹಿಂದೆಯೂ ಹೇಳುತ್ತಿದ್ದರು, ಮುಖದ ಮುಂದೆಯೂ ಹೇಳುತ್ತಿದ್ದರು.

ಆ ಓಣಿಯ ಮೊದಲ ಬಾಗಿಲೇ ಸಾಹೇಬರ ಅಕ್ಕನ ಹೊಲಿಗೆ ಅಂಗಡಿ. ಬಸ್ಸಿಳಿದು ಬಯಲು ಹಾಯ್ದು ಮನೆಗೆ ಹೋಗುವವರೇ ಅವಳ ಗಿರಾಕಿಗಳು. ಜಿಪ್ಪು ಕೆಟ್ಟ ಪ್ಯಾಂಟು, ಮೈಗೆ ಬಿಗಿಯಾದ ಅಂಗಿ ಕೊಟ್ಟು ಹೋಗಿ, ಮರುದಿನ ಅದೇ ದಾರಿಯಲ್ಲಿ ಬಂದು ಒಯ್ಯುತ್ತಿದ್ದರು. ಬಯಲಿಗೆ ಕಾರುಗಳು ಬರುತ್ತವೆಂದು ಗೊತ್ತಾದಾಗ ಓಣಿಯವರನ್ನೆಲ್ಲ ಕಟ್ಟಿಕೊಂಡು ಕೂಡದೆಂದು ಕೂತವಳೂ ಅವಳೇ. ಕೊನೆಗೆ ಕಚೇರಿಯವರು ಸಾಹೇಬರನ್ನೇ ಸಮಾಧಾನಕ್ಕೆ ಕಳಿಸಿದರು.

“ಕಾರಿನೋರು ನನ್ನ ಹತ್ರ ಹೊಲಿಸ್ತಾರೇನೋ? ಹರಿದ್ರೆ ಹೊಸದು ತಗೋತಾರೆ. ಜನ ನಡೀದಿದ್ರೆ ನನ್ನ ಅಂಗಡೀನೂ ನಡಿಯಲ್ಲ ಕಣೋ.”

“ನಾನಿದೀನಲ್ಲ ಅಕ್ಕಾ. ಕಾರುಗಳನ್ನ ಪಕ್ಕಕ್ಕೆ ತಳ್ಳಿ ಮಧ್ಯದಲ್ಲಿ ದಾರಿ ಬಿಡ್ತೀನಿ. ಜನರನ್ನ ನಿನ್ನ ಬಾಗಿಲಿಗೇ ತಂದು ಬಿಡ್ತೀನಿ, ನೋಡ್ತಿರು.”

ತಮ್ಮನ ಮಾತು ನಂಬಿ ಅವಳು ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನೋಡಿ ಓಣಿಯೂ ಸುಮ್ಮನಾಯಿತು.

ಸಾಹೇಬರೇನೂ ಮಾತಿಗೆ ತಪ್ಪುವವರಲ್ಲ. ಕಾರುಬಾರೆಲ್ಲ ಕಾರಿಗೇ ಆದರೆ ಕಾಲಿನ ಪಾಡೇನು ಎಂದು ಸಭೆಯಲ್ಲಿ ಕೇಳಿ ಮೇಲಿನವರ ಹುಬ್ಬು ಗಂಟಿಕ್ಕಿಸಿದರು. ಹಳೆಯ ಮರಗಳನ್ನು ಕಡಿಯಗೊಡದೆ ಕಾರುಗಳಿಗೇ ಅವುಗಳ ಸುತ್ತ ಜಾಗ ಮಾಡಿದರು. ಸುತ್ತುಗೋಡೆಯನ್ನು ಓಣಿಯ ಮನೆಗಳ ಕಾಂಪೌಂಡಿನಷ್ಟೇ ಗಿಡ್ಡಗೆ ಕಟ್ಟಿಸಿದರು. ದಾರಿಯನ್ನು ಚಕ್ರ ಹತ್ತದಷ್ಟು ಎತ್ತರಿಸಿ, ನೆರಳಿದ್ದ ಕಡೆಗೆ ಕೊಂಚ ಬಳುಕಿಸಿ, ಅಕ್ಕನ ಬಾಗಿಲೆದುರು ತಂದು ನಿಲ್ಲಿಸಿದರು. ತೊಡಕು ಒಂದೇ: ದಾರಿಯನ್ನು ಲೆಕ್ಕದಿಂದ ಹೊರಗಿಟ್ಟರೆ ಜಾಗ ಎರಡು ಹೋಳಾಗುತ್ತಿತ್ತು, ಹೋಳಾದ ಜಾಗಕ್ಕೆ ಮಂಜೂರಾತಿ ಇಲ್ಲ. ಅದಕ್ಕೇನಂತೆ ಎಂದು ಸಾಹೇಬರು ಕಾರು, ಮರ, ದಾರಿ ಎಲ್ಲವನ್ನೂ ಸೇರಿಸಿ ಸುತ್ತ ಒಂದೇ ಕೆಂಪು ಗೆರೆ ಎಳೆದು, ‘ವಾಹನ ನಿಲುಗಡೆ ಪ್ರದೇಶ’ ಎಂದು ಬರೆದುಬಿಟ್ಟರು. ಮಂಜೂರಾಯಿತು. ಚಾಪೆಯ ಕೆಳಗೆ ತೂರಿದೆನೆಂದು ಒಳಗೊಳಗೇ ಹಿಗ್ಗಿದರು.

ರಿಬ್ಬನ್ ಕತ್ತರಿಸಿದ ಮರುದಿನ, ಮಂಗಳವಾರ, ಅಕ್ಕನ ಫೋನು ಬಂತು. ಗೇಟಿನಲ್ಲಿ ಜನರನ್ನು ತಡೆಯುತ್ತಿದ್ದಾರಂತೆ. ಸಾಹೇಬರು ಎದ್ದುಬಿದ್ದು ಓಡಿದರು. ಕಾವಲುಗಾರ ಸಲಾಮು ಹೊಡೆದ, ಅಡ್ಡಗೋಲು ಮಾತ್ರ ಎತ್ತಲಿಲ್ಲ.

“ಗಾಡಿ ಇದ್ದೋರಿಗೆ ಚೀಟಿ, ಚೀಟಿ ಇದ್ದೋರಿಗೆ ಒಳಗೆ ದಾರಿ ಸಾರ್. ಬರೀ ಕಾಲಲ್ಲಿ ಬಂದೋರಿಗೆ ಏನಂತ ಚೀಟಿ ಹರೀಲಿ?”

“ಅದು ನಡೆಯೋರಿಗೆ ಅಂತಾನೇ ಮಾಡಿದ ದಾರಿ ಕಣಯ್ಯ.”

“ಹೌದು ಸಾರ್. ಗಾಡಿ ನಿಲ್ಸಿ ನಡೆಯೋರಿಗೆ.”

ಓಣಿ ಕಡೆಯ ಪುಟ್ಟ ಗೇಟಿಗೂ ಇದೇ ನ್ಯಾಯವಂತೆ. ಸಾಹೇಬರು ಅಲ್ಲಿಂದ ನೇರ ಮೇಲಧಿಕಾರಿಯ ಕೋಣೆಗೆ ಹೋದರು. ಮೇಲಧಿಕಾರಿ ನಕ್ಷೆ ಹರಡಿ, ಕೆಂಪು ಗೆರೆಯ ಮೇಲೆ ನಿಧಾನಕ್ಕೆ ಬೆರಳು ಓಡಿಸುತ್ತ ವಿವರಿಸಿದರು. ನಿಲುಗಡೆ ಪ್ರದೇಶದೊಳಗೆ ವಾಹನವಿಲ್ಲದವರು ಕಾಲಿಟ್ಟು ಏನಾದರೂ ಆದರೆ ವಿಮೆ ಇಲ್ಲ, ವಿಮೆ ಇಲ್ಲದವರನ್ನು ಒಳಗೆ ಬಿಡುವಂತಿಲ್ಲ. ಗೆರೆ ತಿದ್ದೋಣವೆಂದರೆ ಜಾಗ ಹೋಳಾಗಿ, ಕೊಟ್ಟ ಮಂಜೂರಾತಿಯೇ ಬಿದ್ದುಹೋಗುತ್ತದೆ. ಸಾಹೇಬರು ಗೋಗರೆದರು. ದಾರಿಯೊಂದನ್ನಾದರೂ ಬೇರೆ ಎಂದು ತಿಳಿಯಬಾರದೇ ಎಂದರು.

“ಅದು ಹೊರಗಿದ್ದಿದ್ರೆ ರಸ್ತೆ ಅನ್ನಿಸ್ಕೊಳ್ತಿತ್ತು, ಯಾರೂ ತಡೀತಿರಲಿಲ್ಲ. ಒಳಗೆ ಹಾಕ್ಕೊಂಡೋರು ನೀವೇ ಅಲ್ವೇನ್ರಿ?”

ಸಾಹೇಬರು ಚಾಪೆಯ ಕೆಳಗೆ ತೂರುವಾಗ ನಿಯಮ ರಂಗೋಲಿಯ ಕೆಳಗೆ ಕಾಲು ಚಾಚಿ ಮಲಗಿತ್ತು.

ಜನ ಎಷ್ಟು ದಿನ ಗೇಟಿನಲ್ಲಿ ಜಗಳವಾಡಿಯಾರು? ದೊಡ್ಡ ರಸ್ತೆ ಸುತ್ತಿ, ಓಣಿಯ ಆ ತುದಿಯಿಂದ ಮನೆ ಸೇರುವುದನ್ನು ಕಲಿತರು. ಓಣಿಯ ಮೊದಲ ಬಾಗಿಲು ಕೊನೆಯ ಬಾಗಿಲಾಯಿತು. ಅಲ್ಲಿಯವರೆಗೆ ಬಟ್ಟೆಯ ಗಂಟು ಹೊತ್ತು ಬರುವಷ್ಟು ವ್ಯವಧಾನ ಯಾರಿಗೂ ಉಳಿಯಲಿಲ್ಲ. ಅಕ್ಕ ಮತ್ತೆ ಫೋನು ಮಾಡಲಿಲ್ಲ. ಒಂದು ಸಲ ಉಗಿದಿದ್ದರೆ ಸಾಹೇಬರ ಎದೆ ಎಷ್ಟೋ ಹಗುರಾಗುತ್ತಿತ್ತು. ಅವಳು ಆ ಉಪಕಾರವನ್ನೂ ಮಾಡಲಿಲ್ಲ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದುಕೊಳ್ಳುತ್ತ ಅವರು ತಿಂಗಳು ಕಳೆದರು.

ಒಂದು ಸಂಜೆ ಮನಸ್ಸು ಗಟ್ಟಿ ಮಾಡಿ ಹೊರಟರು. ಗೇಟಿನಲ್ಲಿ ಕಾರಿಗೆ ಚೀಟಿ ಪಡೆದು, ಮರದಡಿ ನಿಲ್ಲಿಸಿ, ತಾವೇ ಬರೆದ ದಾರಿಗೆ ಕಾಲಿಟ್ಟರು. ದಾರಿ ನಿಜಕ್ಕೂ ಸೊಗಸಾಗಿತ್ತು. ನೆರಳು ಬೇಕಾದಲ್ಲೇ ಬಿದ್ದಿತ್ತು, ಕಾಲಿಗೆ ಎಲ್ಲೂ ತೊಡರಿಲ್ಲ. ಇಡೀ ದಾರಿಗೆ ಅವರೊಬ್ಬರೇ. ತಮ್ಮ ಬೂಟಿನ ಸದ್ದು ತಮಗೇ ದೊಡ್ಡದಾಗಿ ಕೇಳುತ್ತಿತ್ತು.

ಆ ಸದ್ದು ಅಂಗಡಿಯೊಳಕ್ಕೂ ಕೇಳಿರಬೇಕು. ಸಾಹೇಬರು ಹೊಸ್ತಿಲು ಮುಟ್ಟುವಷ್ಟರಲ್ಲಿ ಅಕ್ಕ ಯಂತ್ರದ ಮುಂದಿನಿಂದ ಎದ್ದು, ಕೂದಲು ಸವರಿಕೊಂಡು, ಕೊರಳಿನಿಂದ ಅಳತೆ ಟೇಪು ತೆಗೆದು ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು.

“ಬನ್ನಿ ಬನ್ನಿ,” ಎಂದವಳು ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

“ಓ, ನೀನಾ,” ಎಂದು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಕೂತಳು.