ದಿನಾ ಹಚ್ಚುವ ಕ್ರೀಮು

ತನ್ನ ಮದುವೆ ಹತ್ತಿರ ಬಂದಾಗ ನಿವೇದಿತಾ ಅಕ್ಕ ವಾರಿಜಳ ಕೈಗೆ ಒಂದು ಹೊಸ ಕ್ರೀಮಿನ ಟ್ಯೂಬ್ ಇಟ್ಟಳು. ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು ಅದರಲ್ಲಿವೆಯಂತೆ, ಚರ್ಮದೊಳಗೆ ಇಳಿದು ಮುಖಕ್ಕೆ ಹೊಳಪು ತರುತ್ತವೆಯಂತೆ.

"ದಿನಾ ಹಚ್ಕೋ ಅಕ್ಕ. ನಾನೂ ಹಚ್ಕೋತಿದೀನಿ. ಸ್ವಲ್ಪ ಚುಚ್ಚುತ್ತೆ, ಅಷ್ಟೇ."

ತಾಯಿ ತೀರಿಕೊಂಡ ಮೇಲೆ ಈ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ವಾರಿಜ. ತನಗೆಂದು ಯಾರಾದರೂ ಏನಾದರೂ ತಂದುಕೊಟ್ಟು ಎಷ್ಟು ಕಾಲವಾಗಿತ್ತೋ! ತಪ್ಪದೆ ಹಚ್ಚಿದಳು. ಕೆನ್ನೆ ಕೆಂಪೇರಿ ಉರಿಯತೊಡಗಿತು.

"ಮೊದಮೊದಲು ಹಂಗೇ ಅಕ್ಕ, ಬಿಡಬೇಡ," ಎಂದಳು ತಂಗಿ.

ಕೆನ್ನೆಯಲ್ಲಿ ಗುಳ್ಳೆಗಳೆದ್ದು ಕೀವು ತುಂಬಿದ ಮೇಲೆ ವಾರಿಜ ಚರ್ಮದ ಡಾಕ್ಟರ ಬಳಿ ಹೋದಳು. ಅವರು ಟ್ಯೂಬ್ ನೋಡಿದವರೇ ಗದರಿದರು. "ಇದನ್ನ ದಿನಾ ಹಚ್ತಾರೇನಮ್ಮ? ಚುಚ್ಚಿದ ಚರ್ಮ ಮಾಯೋಕೆ ಬಿಡದೆ ಮತ್ತೆ ಚುಚ್ಚಿದ್ರೆ ಇನ್ನೇನಾಗುತ್ತೆ? ಕಲೆ ಉಳಿದ್ರೂ ಉಳೀಬಹುದು."

ವಾರಿಜಳಿಗೆ ತನ್ನ ಕಲೆಯ ಚಿಂತೆ ಬರಲಿಲ್ಲ. ಮದುಮಗಳ ಮುಖ ಹೀಗಾದರೆ ಏನು ಗತಿ? ಔಷಧಿಯನ್ನೂ ಕೊಳ್ಳದೆ ಆಟೋ ಹಿಡಿದು ಮನೆಗೆ ಧಾವಿಸಿದಳು.

"ನಿವಿ, ಆ ಕ್ರೀಮು ಇನ್ನು ಮುಟ್ಟಬೇಡ ಕಣೇ! ಮುಖ ಹಾಳಾಗುತ್ತಂತೆ!"

ಕನ್ನಡಿಯ ಮುಂದೆ ಕೂದಲು ಬಾಚುತ್ತಿದ್ದ ನಿವೇದಿತಾ ತಿರುಗಿ ಅಕ್ಕನ ಕೆನ್ನೆಗಳನ್ನು ನಿಧಾನವಾಗಿ ದಿಟ್ಟಿಸಿದಳು.

"ನಾನಿನ್ನೂ ಹಚ್ಚೇ ಇಲ್ಲ ಅಕ್ಕ. ಮೊದಲು ನಿನಗೆ ಹೇಗಾಗುತ್ತೋ ನೋಡೋಣ ಅಂತಿದ್ದೆ."